ಪಟ್ಟವೇರಿದ ಪಿಯಾನೋ ವಾದಕ

ಸುಗ್ಗಿ ಮುಗಿದು, ಅಡಿಕೆ ಮಾರಾಟವಾಗಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಿಗೆ ಪೌರಾಣಿಕ ನಾಟಕದ ಗೀಳು ಹತ್ತುವುದು ಎಲ್ಲರೂ ಬಲ್ಲ ಸಂಗತಿ. ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ. ಹಗಲೆಲ್ಲ ತೋಟದಲ್ಲಿ ಗುದ್ದಲಿ ಹಿಡಿದವರು ರಾತ್ರಿ ದುರ್ಯೋಧನನಾಗಿ, ಕೃಷ್ಣನಾಗಿ ಶ್ರುತಿಗೆ ಕಂಠ ಕೂಡಿಸುತ್ತಾರೆ. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು. ಹಾರ್ಮೋನಿಯಂ ನಮಗೆ ಹೊರಗಿನದು ಎನ್ನಿಸುವುದೇ ಇಲ್ಲ. ಆದರೆ ಅದು ಸಮುದ್ರ ದಾಟಿ ಬಂದ ವಾದ್ಯ. ಅದರಂತೆಯೇ ಕಪ್ಪು ಬಿಳುಪಿನ ಮನೆಗಳುಳ್ಳ ಇನ್ನೊಂದು ವಾದ್ಯ ಪಿಯಾನೋ. ಇದು ನಮ್ಮ ಹಳ್ಳಿಗಳಿಗೆ ಬರಲಿಲ್ಲ. ಆದರೆ ಮೈಸೂರಿನ ಅರಮನೆಗೆ ಬಂದಿತ್ತು. ಅಲ್ಲಿ ಒಬ್ಬ ಹುಡುಗ ಅದಕ್ಕೆ ಮನಸೋತಿದ್ದ. ದೊಡ್ಡ ಸಭೆಗಳಲ್ಲಿ ಪಿಯಾನೋ ಕಚೇರಿ ನಡೆಸುವ ವಿದ್ವಾಂಸನಾಗಬೇಕೆಂಬುದು ಅವನ ಹಂಬಲ. ಆದರೆ ವಿಧಿ ಅವನನ್ನು ಸಿಂಹಾಸನದ ಮೇಲೆ ಕೂರಿಸಿತು.

ಆ ಹುಡುಗನೇ ಶ್ರೀ ಜಯಚಾಮರಾಜೇಂದ್ರ ಒಡೆಯರು, ನಮ್ಮ ನಾಲ್ಕೂ ತಾಲ್ಲೂಕುಗಳು ಮೈಸೂರು ಸಂಸ್ಥಾನದಲ್ಲಿದ್ದ ಕಾಲದ ಕೊನೆಯ ಮಹಾರಾಜರು. ಅವರ ಹೆಸರು ಕೇಳದ ಬೆಳೆಗಾರರಿಲ್ಲ. ಅವರ ಪಿಯಾನೋದ ಕಥೆ ಕೇಳಿದವರು ಮಾತ್ರ ಕಡಿಮೆ. ಆ ಕಥೆಯ ಕೊನೆಯಲ್ಲಿ ಸಹಕಾರಿಗಳಾದ ನಮಗೆ ಸಂಬಂಧಿಸಿದ ಒಂದು ಮಾತೂ ಇದೆ. ಆದ್ದರಿಂದ ಅದನ್ನು ಇಲ್ಲಿ ಸಂಕ್ಷೇಪವಾಗಿ ಹೇಳಲು ಯತ್ನಿಸಿದ್ದೇವೆ.

ವಾದ್ಯದ ಪರಿಚಯ

ಮೊದಲು ಈ ವಾದ್ಯವೆಂಥದೆಂದು ತಿಳಿಯೋಣ. ಹಾರ್ಮೋನಿಯಮ್ಮಿನಲ್ಲಿ ನಾದ ಹುಟ್ಟುವುದು ತಿದಿಯ ಗಾಳಿಯಿಂದ. ಪಿಯಾನೋದಲ್ಲಿ ಗಾಳಿಯ ಕೆಲಸವಿಲ್ಲ. ಬೆರಳಿನಿಂದ ಒಂದು ಮನೆಯನ್ನು ಒತ್ತಿದರೆ ಒಳಗಿರುವ ಉಣ್ಣೆ ಹೊದಿಸಿದ ಪುಟ್ಟ ಸುತ್ತಿಗೆಯೊಂದು ಎದ್ದು ಉಕ್ಕಿನ ತಂತಿಗೆ ಬಡಿಯುತ್ತದೆ, ಬಡಿದ ಕೂಡಲೇ ಹಿಂದಕ್ಕೆ ಬೀಳುತ್ತದೆ. ಮೆಲ್ಲಗೆ ಒತ್ತಿದರೆ ಮೆಲು ನಾದ, ಬಲವಾಗಿ ಒತ್ತಿದರೆ ಗಟ್ಟಿ ನಾದ. ಇಟಲಿಯ ಕ್ರಿಸ್ಟೋಫೊರಿ ಎಂಬ ಕುಶಲಕರ್ಮಿ ಸುಮಾರು 1700ರಲ್ಲಿ ಇದನ್ನು ರೂಪಿಸಿದ. ಇಂದಿನ ದೊಡ್ಡ ಪಿಯಾನೋದಲ್ಲಿ 88 ಮನೆಗಳಿವೆ. ತಂತಿಗಳು 200ಕ್ಕೂ ಹೆಚ್ಚು. ಅಷ್ಟೂ ತಂತಿಗಳ ಒಟ್ಟು ಎಳೆತ ಹದಿನೈದು ಇಪ್ಪತ್ತು ಟನ್ನಿನಷ್ಟಾಗುತ್ತದೆ. ಎರಕದ ಕಬ್ಬಿಣದ ಚೌಕಟ್ಟಿಲ್ಲದಿದ್ದರೆ ಮರದ ಪೆಟ್ಟಿಗೆ ಸೀಳಿಹೋದೀತು.

ಇದನ್ನು ನುಡಿಸುವ ವಿದ್ಯೆಯೂ ಅಷ್ಟೇ ಬಿಗಿಯಾದುದು. ಹತ್ತು ಬೆರಳೂ ಬೇರೆ ಬೇರೆ ಕೆಲಸ ಮಾಡಬೇಕು. ಎಡಗೈ ಒಂದು ಜಾಡು ಹಿಡಿದರೆ ಬಲಗೈ ಮತ್ತೊಂದು ಜಾಡು. ಅಡಿಕೆ ಸಸಿ ನೆಟ್ಟು ಐದಾರು ವರ್ಷ ನೀರು ಗೊಬ್ಬರ ಕೊಟ್ಟು ಕಾಯುವ ತಾಳ್ಮೆ ನಮ್ಮದು. ಪಿಯಾನೋ ವಾದಕ ಏಳೆಂಟರ ವಯಸ್ಸಿನಲ್ಲಿ ಕೂತರೆ ದಿನಕ್ಕೆ ಹಲವು ತಾಸಿನಂತೆ ಹತ್ತು ಹನ್ನೆರಡು ವರ್ಷ ಸಾಧನೆ ಮಾಡಿದ ಮೇಲೆ ಮೊದಲ ಫಲ. ನಡುವೆ ಬಿಟ್ಟರೆ ಬೆರಳು ಜಡ್ಡುಗಟ್ಟುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯ ನೋವು ಅರ್ಥವಾದೀತು.

ಅರಮನೆಯ ಸಂಗೀತ

ಮೈಸೂರಿನ ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತ ಹೊಸದಾಗಿರಲಿಲ್ಲ. ವೀಣೆ ಶೇಷಣ್ಣನವರಂಥ ಮಹಾ ವೈಣಿಕರೇ ಪಿಯಾನೋ ಮೇಲೆ ಕರ್ನಾಟಕ ಸಂಗೀತ ನುಡಿಸಬಲ್ಲವರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ವಾದ್ಯಗಳನ್ನು ಅಭ್ಯಾಸ ಮಾಡಿದ್ದರು. ಅವುಗಳಲ್ಲಿ ಪಿಯಾನೋ ಕೂಡ ಒಂದು. ಅರಮನೆಯಲ್ಲಿ ಕರ್ನಾಟಕ ಸಂಗೀತದ ವಾದ್ಯವೃಂದವೂ ಇತ್ತು, ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಜರ್ಮನಿಯ ಆಟೋ ಸ್ಮಿತ್ ಎಂಬುವರು ಬ್ಯಾಂಡ್ ಮಾಸ್ತರರಾಗಿದ್ದರು.

ಜಯಚಾಮರಾಜೇಂದ್ರರು ಹುಟ್ಟಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ನಾಲ್ವಡಿಯವರ ತಮ್ಮ. ತಾಯಿ ಕೆಂಪುಚೆಲುವಾಜಮ್ಮಣ್ಣಿಯವರು. ಮನೆಯಲ್ಲಿ ಮಕ್ಕಳಿಗೆ ಪಾಶ್ಚಾತ್ಯ ಸಂಗೀತದ ಪಾಠವಿತ್ತು. ತಂಗಿ ವಿಜಯಾದೇವಿಯವರೂ ಪಿಯಾನೋ ಕಲಿತರು. ಮುಂದೆ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಕಟ್ಟಿದವರು ಅವರೇ. ಅಣ್ಣ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ 1938ರಲ್ಲಿ ಚಿನ್ನದ ಪದಕಗಳೊಂದಿಗೆ ಪದವಿ ಪಡೆದರು. 1939ರಲ್ಲಿ ಯುರೋಪಿನ ಪ್ರವಾಸ ಮಾಡಿದರು. ವಯಸ್ಸು ಇಪ್ಪತ್ತು, ದೊಡ್ಡಪ್ಪನವರು ಗದ್ದುಗೆಯಲ್ಲಿದ್ದರು, ಅವರ ನಂತರ ತಂದೆಯವರಿದ್ದರು. ರಾಜ್ಯಭಾರದ ನೊಗ ತಮ್ಮ ಹೆಗಲಿಗೆ ಬರಲು ಇನ್ನೂ ಬಹುಕಾಲವಿದೆ, ಅಷ್ಟರಲ್ಲಿ ಸಂಗೀತ ಸಾಧನೆ ಮಾಡಬಹುದು ಎಂದುಕೊಳ್ಳಲು ಅಡ್ಡಿಯೇನೂ ಇರಲಿಲ್ಲ.

ಐದು ತಿಂಗಳಲ್ಲಿ ಎರಡು ಸಾವು

1940ರ ಮಾರ್ಚ್ 11ರಂದು ಯುವರಾಜರು ಮುಂಬಯಿಯಲ್ಲಿ ತೀರಿಕೊಂಡರು. ಅದೇ ವರ್ಷ ಆಗಸ್ಟ್ 3ರಂದು ನಾಲ್ವಡಿಯವರು ಕಾಲವಾದರು. ಐದು ತಿಂಗಳೊಳಗೆ ತಂದೆಯೂ ಇಲ್ಲ, ದೊಡ್ಡಪ್ಪನೂ ಇಲ್ಲ. ಸೆಪ್ಟೆಂಬರ್ 8ರಂದು ಇಪ್ಪತ್ತೊಂದು ವರ್ಷದ ಯುವಕನಿಗೆ ಪಟ್ಟಾಭಿಷೇಕ. ಪಿಯಾನೋ ಕಚೇರಿಯ ಕನಸು ಅಲ್ಲಿಗೆ ಮುಗಿಯಿತು.

ಇದು ಅರಮನೆಯ ಕಥೆಯಾದರೂ ನಮಗೆ ಗುರುತಿಲ್ಲದ ಕಥೆಯೇ? ಪಟ್ಟಣದ ಕಾಲೇಜಿನಲ್ಲಿ ಓದುತ್ತಿದ್ದ ಮಗನಿಗೆ ತಂದೆ ಹೋದರೆಂಬ ಸುದ್ದಿ ಬರುತ್ತದೆ. ಹನ್ನೊಂದು ದಿನ ಕಳೆದ ಮೇಲೆ ಹಿರಿಯರು ಕೂತು, ‘ತೋಟ ನೋಡಿಕೊಳ್ಳುವವರು ಬೇರೆ ಯಾರಿದ್ದಾರಪ್ಪ?’ ಎನ್ನುತ್ತಾರೆ. ಅವನು ಪುಸ್ತಕ ಮಡಿಸಿಟ್ಟು ಮೋಟಾರಿನ ಗುಂಡಿ ಒತ್ತಲು ಹೋಗುತ್ತಾನೆ. ಇಂಥ ಹುಡುಗರು ನಮ್ಮ ಒಂದೊಂದು ಊರಿನಲ್ಲೂ ಇದ್ದಾರೆ. ಇದನ್ನು ಓದುತ್ತಿರುವವರಲ್ಲೇ ಕೆಲವರು ಹೀಗೆ ಬಂದವರಿರಬಹುದು. ರಾಜ್ಯ ದೊಡ್ಡದು, ಎರಡೆಕರೆ ತೋಟ ಚಿಕ್ಕದು. ಒಳಗಿನ ಸಂಕಟದ ತೂಕ ಮಾತ್ರ ಒಂದೇ.

ಆದರೆ ಮಹಾರಾಜರು ಸಂಗೀತವನ್ನು ಪೂರ್ತಿ ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನೂ ಅಲ್ಲಿಯದೇ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಎಂಬ ಮನ್ನಣೆಯನ್ನೂ ಪಡೆದರು. ಅರಮನೆಯಲ್ಲಿ ದೊಡ್ಡ ಪಿಯಾನೋಗಳಿದ್ದವು. ಗ್ರಾಮಾಫೋನ್ ಪ್ಲೇಟುಗಳ ಸಂಗ್ರಹ ಇಪ್ಪತ್ತು ಸಾವಿರ ಮೀರಿತ್ತೆಂದು ಅಂದಾಜು. ತಾವು ವೇದಿಕೆ ಏರಲಾಗದಿದ್ದರೂ ವೇದಿಕೆ ಏರಿದವನ ಬದುಕು ಹಾಳಾಗಬಾರದೆಂದು ಅವರು ತೀರ್ಮಾನಿಸಿದಂತೆ ತೋರುತ್ತದೆ. ಆ ಹೊತ್ತಿಗೆ ಲಂಡನ್ನಿನಲ್ಲಿ ಅಂಥ ಒಬ್ಬ ವೃದ್ಧರಿದ್ದರು.

ಮಾರುಕಟ್ಟೆ ಕಳೆದುಕೊಂಡ ಕಲಾವಿದ

ಅವರ ಹೆಸರು ನಿಕೊಲಾಯ್ ಮೆಟ್ನರ್. ರಷ್ಯಾದ ಮಾಸ್ಕೋದಲ್ಲಿ 1880ರ ಜನವರಿಯಲ್ಲಿ ಹುಟ್ಟಿದವರು. ಮೊದಲ ಪಾಠ ತಾಯಿಯಿಂದ. ಹನ್ನೆರಡನೆಯ ವಯಸ್ಸಿಗೆ ಮಾಸ್ಕೋದ ಸಂಗೀತ ವಿದ್ಯಾಲಯ ಸೇರಿ 1900ರಲ್ಲಿ ಬಹುಮಾನದೊಂದಿಗೆ ಹೊರಬಂದರು. ಊರೂರು ತಿರುಗಿ ಕಚೇರಿ ಮಾಡಿ ಹಣ ಗಳಿಸುವ ದಾರಿ ತೆರೆದೇ ಇತ್ತು. ಆದರೆ ಅವರಿಗೆ ಸ್ವಂತ ಕೃತಿ ರಚಿಸುವ ಹಟ. ರಚಿಸಿದ ಪ್ರತಿಯೊಂದು ಕೃತಿಯಲ್ಲೂ ಪಿಯಾನೋ ಇದ್ದೇ ಇದೆ: 14 ಸೊನಾಟಾಗಳು, ವಾದ್ಯವೃಂದದೊಂದಿಗೆ ನುಡಿಸುವ ಮೂರು ಕನ್ಸರ್ಟೋಗಳು, ನೂರಕ್ಕೂ ಮಿಕ್ಕ ಹಾಡುಗಳು, ‘ಕಥೆಗಳು’ ಎಂದು ಹೆಸರಿಟ್ಟ ಪುಟ್ಟ ಪುಟ್ಟ ರಚನೆಗಳು.

ರಷ್ಯಾದ ಕ್ರಾಂತಿಯ ನಂತರ 1921ರಲ್ಲಿ ದೇಶ ಬಿಟ್ಟರು. ಬರ್ಲಿನ್ನಿನಲ್ಲಿದ್ದರು, ಪ್ಯಾರಿಸ್ಸಿನ ಬಳಿ ಇದ್ದರು. ಎಲ್ಲೂ ಬೇರು ಹಿಡಿಯಲಿಲ್ಲ. ಗೆಳೆಯ ರಖ್ಮಾನಿನೋಫ್ ಆ ಕಾಲದ ಅತಿ ಪ್ರಸಿದ್ಧ ಪಿಯಾನೋ ವಾದಕರು. ಅವರೇ ನಿಂತು ಅಮೆರಿಕದಲ್ಲಿ ಕಚೇರಿಗಳನ್ನು ಏರ್ಪಡಿಸಿಕೊಟ್ಟರು. ಆದರೂ ಕಾಲದ ರುಚಿ ಬದಲಾಗಿತ್ತು. ಹೊಸ ಬಗೆಯ ಸಂಗೀತಕ್ಕೆ ಜನ ಮುಗಿಬಿದ್ದಿದ್ದರು. ಮೆಟ್ನರ್ ಹಳೆಯ ಕಟ್ಟನ್ನು ಬಿಡಲೊಲ್ಲರು. 1930ರ ದಶಕದ ನಡುವಿನಲ್ಲಿ ಹೆಂಡತಿ ಆನಾರೊಂದಿಗೆ ಲಂಡನ್ನಿಗೆ ಬಂದು ನೆಲೆಸಿದರು.

ಅವರ ಮುಖ್ಯ ಪ್ರಕಾಶಕರಿದ್ದದ್ದು ಜರ್ಮನಿಯಲ್ಲಿ. ಯುದ್ಧ ಶುರುವಾದೊಡನೆ ಅಲ್ಲಿಂದ ಬರುತ್ತಿದ್ದ ಗೌರವಧನ ನಿಂತಿತು. ಇದೇ ಯುದ್ಧ ನಮ್ಮ ಘಟ್ಟದ ಮೇಲಿನ ಕಾಫಿಗೂ ಅದೇ ಏಟು ಕೊಟ್ಟಿತ್ತೆಂಬುದನ್ನು ಕಾಫಿ ಬೆಳೆಗಾರ ಬಂಧುಗಳು ಮರೆಯಲಾರರು. ಯುರೋಪಿನ ಮಾರುಕಟ್ಟೆ ಮುಚ್ಚಿ, ಕಾಫಿ ಗೋದಾಮಿನಲ್ಲಿ ಉಳಿದು, 1940ರ ಕೊನೆಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಎಲ್ಲರ ಕಾಫಿಯನ್ನೂ ಒಟ್ಟಿಗೆ ಕೂಡಿಸಿ ಮಾರುವ ಪೂಲ್ ಪದ್ಧತಿ ತಂದದ್ದು ಹೀಗೆ. ಆ ಪದ್ಧತಿ 1996ರ ವರೆಗೂ ಒಂದಲ್ಲ ಒಂದು ರೂಪದಲ್ಲಿ ನಡೆಯಿತು. ಕಾಫಿಗೆ ಒಂದು ಮಂಡಳಿ ಬಂತು. ಒಂಟಿ ಕಲಾವಿದನಿಗೆ ಯಾವ ಮಂಡಳಿ? ಬಾಂಬು ಬೀಳುತ್ತಿದ್ದ ಲಂಡನ್ ಬಿಟ್ಟು ಮೆಟ್ನರ್ ದಂಪತಿಗಳು ವಾರಿಕ್‌ಷೈರಿನಲ್ಲಿ ಎಡ್ನಾ ಐಲ್ಸ್ ಎಂಬ ಪಿಯಾನೋ ವಾದಕಿಯ ಆಶ್ರಯ ಪಡೆದರು. 1942ರಲ್ಲಿ ಹೃದಯಾಘಾತವಾಯಿತು. ಆ ಸ್ಥಿತಿಯಲ್ಲೇ ಮೂರನೆಯ ಕನ್ಸರ್ಟೋವನ್ನು ಬರೆದು ಮುಗಿಸಿ, 1944ರ ಫೆಬ್ರವರಿ 19ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾವೇ ನುಡಿಸಿದರು. ಜನ ಮೆಚ್ಚಿದರು. ಆದರೆ ಅರವತ್ತು ದಾಟಿದ ರೋಗಿಯ ಬೆರಳುಗಳು ಇನ್ನೆಷ್ಟು ದಿನ? ಅವರ ವಾದನ ಅವರೊಂದಿಗೇ ಮಣ್ಣಾಗುವ ಸ್ಥಿತಿ.

ಮೈಸೂರಿನಿಂದ ಬಂದ ನೆರವು

ಯುದ್ಧ ಮುಗಿದ ಮೇಲೆ ಮೈಸೂರಿನಿಂದ ಸಂದೇಶ ಹೋಯಿತು. ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಲಿ, ವೆಚ್ಚ ಮಹಾರಾಜರದು. ಎಂದೂ ಭಾರತಕ್ಕೆ ಕಾಲಿಡದ ರಷ್ಯಾದ ವೃದ್ಧನಿಗೆ ಇದು ಕನಸಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಮಹಾರಾಜರ ಹೆಸರಿನ ಆಶ್ರಯದಲ್ಲಿ ‘ಮೆಟ್ನರ್ ಸೊಸೈಟಿ’ ಹುಟ್ಟಿತು. 1947ರಲ್ಲಿ ಮೂರೂ ಕನ್ಸರ್ಟೋಗಳ ಮುದ್ರಣವಾಯಿತು. ಹಾಡುಗಳು, ಸೊನಾಟಾಗಳು, ಪಂಚವಾದ್ಯದ ಕೃತಿ ಇವೆಲ್ಲ 1950ರ ವರೆಗೆ ಒಂದೊಂದಾಗಿ ಪ್ಲೇಟಿಗೆ ಬಂದವು.

ಆಗಿನ ಪ್ಲೇಟೆಂದರೆ ನಿಮಿಷಕ್ಕೆ 78 ಸುತ್ತು ತಿರುಗುವ, ಕೈ ಜಾರಿದರೆ ಒಡೆಯುವ ಕರಿ ಬಿಲ್ಲೆ. ಅದಕ್ಕೆ ಬೇಕಾದ ಅರಗು ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷದ ಸಂಗೀತ ಮಾತ್ರ ಹಿಡಿಸುತ್ತಿತ್ತು. ಅರ್ಧ ಗಂಟೆ ಮೀರಿದ ಕೃತಿಯೊಂದಕ್ಕೆ ನಾಲ್ಕೈದು ಪ್ಲೇಟು ಬೇಕು. ನಡುವೆ ತಪ್ಪಿದರೆ ಆ ಮಗ್ಗುಲನ್ನು ಪುನಃ ಮೊದಲಿನಿಂದ ನುಡಿಸಬೇಕು. ದುರ್ಬಲ ಹೃದಯದ ಮುದುಕ ಇಷ್ಟು ಶ್ರಮವನ್ನು ನಾಲ್ಕು ವರ್ಷ ಪಟ್ಟರು. ಕೃತಜ್ಞತೆಯಿಂದ ತಮ್ಮ ಮೂರನೆಯ ಕನ್ಸರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಆನಾ 1958ರಲ್ಲಿ ರಷ್ಯಾಕ್ಕೆ ಹಿಂದಿರುಗಿದರು. 1959ರಿಂದ 1963ರ ವರೆಗೆ ಮೆಟ್ನರರ ಸಮಗ್ರ ಕೃತಿಗಳು ಮಾಸ್ಕೋದಲ್ಲಿ 12 ಸಂಪುಟಗಳಾಗಿ ಅಚ್ಚಾದವು. ದೇಶ ಬಿಟ್ಟವನ ಬೆಳೆ ಕೊನೆಗೂ ಹುಟ್ಟೂರಿನ ಕಣಕ್ಕೆ ಬಂದಿತು. ಇಂದು ಅವರ ಕೃತಿಗಳನ್ನು ಜಗತ್ತಿನ ಅನೇಕ ವಾದಕರು ನುಡಿಸುತ್ತಾರೆ. ಅವರು ತಾವೇ ಹೇಗೆ ನುಡಿಸುತ್ತಿದ್ದರೆಂದು ತಿಳಿಯಬೇಕಾದರೆ ಮಾತ್ರ ಹೆಚ್ಚಾಗಿ ಮೈಸೂರಿನ ಹಣದಿಂದಾದ ಆ ಪ್ಲೇಟುಗಳೇ ಗತಿ. ಅವು ಮುಂದೆ ಸಿಡಿಗಳಾಗಿಯೂ ಹೊರಬಂದಿವೆ.

ಹಣ ಯಾರದು?

ಇಲ್ಲಿ ಒಂದು ಕಟು ಪ್ರಶ್ನೆ ಏಳುತ್ತದೆ. ಅದನ್ನು ನುಂಗಿಕೊಳ್ಳುವುದು ಸರಿಯಲ್ಲ. ಮಹಾರಾಜರ ಖಾಸಗಿ ವೆಚ್ಚವೆಂದರೂ ಅರಮನೆಯ ಖಜಾನೆಯ ಮೂಲ ನೆಲದ ಕಂದಾಯವೇ ಅಲ್ಲವೆ? ಮಳೆ ಕಾಣದ ಪಾವಗಡದ ಕಡಲೆಕಾಯಿ ಹೊಲದಿಂದ, ಕೊರಟಗೆರೆ ಮಧುಗಿರಿಯ ಕೆರೆ ಹಿಂದಿನ ತೋಟಗಳಿಂದ ಹೋದ ಕಾಸೂ ಅದರಲ್ಲಿ ಸೇರಿರಬೇಕಲ್ಲ. ಅದು ಲಂಡನ್ನಿನ ಪಿಯಾನೋಕ್ಕೆ ಹೋಗಬಹುದಿತ್ತೆ?

ಆ 1947ರಲ್ಲೇ ಸಂಸ್ಥಾನದ ಜನ ಜವಾಬ್ದಾರಿ ಸರ್ಕಾರ ಬೇಕೆಂದು ‘ಮೈಸೂರು ಚಲೋ’ ಚಳವಳಿ ಹೂಡಿದ್ದರು. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಹಣ ಎಲ್ಲಿ ಹೋಗಬೇಕೆಂದು ಕೇಳುವ ಹಕ್ಕು ಪ್ರಜೆಗಳಿಗೆ ದೊರೆತದ್ದು ಆಗಲೇ. ಆ ಹಕ್ಕು ಬಂದದ್ದು ಒಳ್ಳೆಯದೇ ಆಯಿತು. ಹಾಗೆಂದು ಆ ಖರ್ಚು ನೀರಿನಲ್ಲಿ ಹುಣಿಸೆಹಣ್ಣು ತೊಳೆದಂತಾಯಿತು ಎನ್ನಲೂ ಆಗದು. ಬೇಟೆಗೆ, ಕುದುರೆ ಜೂಜಿಗೆ, ವಿಲಾಸಕ್ಕೆ ಸುರಿದ ಅರಸರ ಹಣದ ಗುರುತು ಇಂದು ಎಲ್ಲೂ ಇಲ್ಲ. ಈ ಹಣ ಒಬ್ಬ ಸಾಧಕನ ಜೀವಮಾನದ ಫಲವನ್ನು ಉಳಿಸಿತು. ಎರಡೂ ಮಾತು ನಿಜ. ಓದುಗರು ತಾವೇ ತೂಗಿ ನೋಡಬಹುದು.

ವಾದ್ಯವೃಂದವೊಂದು ಸಹಕಾರಿಯಾದದ್ದು

ಈಗ ನಮಗೆ ಸಂಬಂಧಿಸಿದ ಮಾತಿಗೆ ಬರೋಣ. ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಎಂಬುವರು 1945ರಲ್ಲಿ ಫಿಲ್ಹಾರ್ಮೋನಿಯಾ ಎಂಬ ದೊಡ್ಡ ವಾದ್ಯವೃಂದವನ್ನು ಕಟ್ಟಿದ್ದರು. ಅದಕ್ಕೆ ಹಣದ ಮುಗ್ಗಟ್ಟು. ಲೆಗ್ ಮೈಸೂರಿಗೇ ಬಂದು ಮಹಾರಾಜರನ್ನು ಕಂಡರು. ಮೆಟ್ನರರ ಧ್ವನಿಮುದ್ರಣಗಳಲ್ಲದೆ, ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಮಹಾರಾಜರು ಒಪ್ಪಿದರೆಂದು ಲೆಗ್ ಬರೆದಿದ್ದಾರೆ. ಆಗಿನ ದರದಲ್ಲಿ ಇದು ವರ್ಷಕ್ಕೆ ಸುಮಾರು 1 ಲಕ್ಷ 33 ಸಾವಿರ ರೂಪಾಯಿ. 1948ರಲ್ಲಿ ಫಿಲ್ಹಾರ್ಮೋನಿಯಾ ಕಚೇರಿ ಸಂಘದ ಮೊದಲ ಅಧ್ಯಕ್ಷರಾದವರೂ ಮೈಸೂರು ಮಹಾರಾಜರೇ. ಜರ್ಮನಿಯ ಪ್ರಸಿದ್ಧ ವಾಗ್ಗೇಯಕಾರ ರಿಚರ್ಡ್ ಸ್ಟ್ರಾಸ್ ತೀರಿದ ಮೇಲೆ ಅವರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಪ್ರಥಮ ಬಾರಿಗೆ ಪ್ರಯೋಗಗೊಂಡವು. ಆ ಕಚೇರಿಯ ಹಣದ ಹೊಣೆ ಹೊತ್ತವರೂ ಇವರೇ. ಕಚೇರಿ ಕೇಳಲು ಮಾತ್ರ ಹೋಗಲಾಗಲಿಲ್ಲ.

1950ರಲ್ಲಿ ಗಣರಾಜ್ಯ ಬಂದು ಅರಸರ ಕಾಲ ಮುಗಿಯಿತು. ಅರಮನೆಯ ಹಣವನ್ನೇ ನೆಚ್ಚಿ ಕೂರುವ ಕಾಲ ಕಲಾವಿದರಿಗೂ ಉಳಿಯಲಿಲ್ಲ. ವಾದ್ಯವೃಂದ ಹೇಗೋ ತನ್ನ ಕಾಲ ಮೇಲೆ ನಿಂತು ಹೆಸರು ಮಾಡಿತು. ಆದರೆ ಅದು ಒಬ್ಬನ ಒಡೆತನದ್ದು. 1964ರ ಮಾರ್ಚಿನಲ್ಲಿ ಲೆಗ್ ಇದ್ದಕ್ಕಿದ್ದಂತೆ ಅದನ್ನು ಮುಚ್ಚುವುದಾಗಿ ಸಾರಿದರು. ವಾದಕರೆಲ್ಲ ಬೀದಿಪಾಲಾಗಬೇಕಿತ್ತು.

ಅವರೇನು ಮಾಡಿದರು? ಇನ್ನೊಬ್ಬ ಮಹಾರಾಜನನ್ನು ಹುಡುಕಿಕೊಂಡು ಹೋಗಲಿಲ್ಲ. ಎಲ್ಲರೂ ಸೇರಿ ಸಭೆ ಮಾಡಿ, ವಾದ್ಯವೃಂದಕ್ಕೆ ತಾವೇ ಒಡೆಯರೆಂದು ತೀರ್ಮಾನಿಸಿದರು. ಹಳೆಯ ಹೆಸರು ಸಿಗಲಿಲ್ಲವಾಗಿ ‘ನ್ಯೂ ಫಿಲ್ಹಾರ್ಮೋನಿಯಾ’ ಎಂದು ಹೆಸರಿಟ್ಟುಕೊಂಡು, ತಮ್ಮಲ್ಲೇ ಆಡಳಿತ ನಡೆಸುವವರನ್ನು ಆರಿಸಿಕೊಂಡು, ಅದೇ ವರ್ಷ ಅಕ್ಟೋಬರಿನಲ್ಲಿ ಮೊದಲ ಕಚೇರಿ ನಡೆಸಿದರು. 1977ರಲ್ಲಿ ಹಳೆಯ ಹೆಸರನ್ನೂ ಮರಳಿ ಪಡೆದರು. ಆ ವಾದ್ಯವೃಂದ ಇಂದಿಗೂ ಲಂಡನ್ನಿನಲ್ಲಿ ನುಡಿಯುತ್ತಿದೆ. ಬೆಳೆಗಾರ ಬಂಧುಗಳೇ, ಇದು ಸಹಕಾರ ತತ್ತ್ವವಲ್ಲದೆ ಮತ್ತೇನು? ಅಡಿಕೆ ಧಾರಣೆ ಕುಸಿದು ವ್ಯಾಪಾರಿ ಹೇಳಿದ್ದೇ ಬೆಲೆಯಾಗಿದ್ದ ಕಾಲದಲ್ಲಿ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿದ್ದು ಇದೇ ಬುದ್ಧಿಯಿಂದ. ದಾನಿಯ ಕೈ ದೊಡ್ಡದು, ಆದರೆ ಒಂದೇ ಕೈ. ಅದು ಹಿಂದೆ ಸರಿದರೆ ಮುಗಿಯಿತು. ಸಣ್ಣ ಸಣ್ಣ ಷೇರಿನ ಕೈಗಳು ನೂರಾರು. ನಾಲ್ಕು ಸೋತರೂ ಉಳಿದವು ಹಿಡಿದಿರುತ್ತವೆ.

ಪಿಯಾನೋ ಬಿಟ್ಟು ವೀಣೆಗೆ

ಇತ್ತ ಮಹಾರಾಜರೇನಾದರು? ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಮೈಸೂರು ವಾಸುದೇವಾಚಾರ್ಯರಂಥ ಹಿರಿಯರ ಸಂಗ ದೊರೆಯಿತು. ಪಿಯಾನೋದ ಮನೆಗಳಲ್ಲಿ ಸ್ವರ ನಿಂತಲ್ಲೇ ನಿಲ್ಲುತ್ತದೆ. ನಮ್ಮ ಗಮಕ ಅಲ್ಲಿ ಬಾರದು. ವೀಣೆಯಲ್ಲಿ ತಂತಿಯನ್ನು ಎಳೆದು ಸ್ವರವನ್ನು ತೂಗಬಹುದು. ಎರಡರ ಗುಣವನ್ನೂ ಕೈಯಾರೆ ಬಲ್ಲ ಆ ವಿದ್ವಾಂಸರು ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು. ಅವು ಇಂದು ಕರ್ನಾಟಕ ಸಂಗೀತದ ಕಚೇರಿಗಳಲ್ಲಿ ಕೇಳಿಬರುತ್ತವೆ. ಪಿಯಾನೋ ವಾದಕನಾಗಿ ಸಿಗದ ವೇದಿಕೆ ವಾಗ್ಗೇಯಕಾರನಾಗಿ ಸಿಕ್ಕಿತು ಎನ್ನಬಹುದು.

1950ರಲ್ಲಿ ಅವರು ರಾಜಪ್ರಮುಖರಾದರು. 1956ರಲ್ಲಿ ಏಕೀಕೃತ ಮೈಸೂರು ರಾಜ್ಯದ ಮೊದಲ ರಾಜ್ಯಪಾಲರಾದರು. 1964ರಿಂದ 1966ರ ವರೆಗೆ ಮದರಾಸಿನ ರಾಜ್ಯಪಾಲರಾಗಿದ್ದರು. 1974ರ ಸೆಪ್ಟೆಂಬರ್ 23ರಂದು ಕಾಲವಾದಾಗ ವಯಸ್ಸು ಐವತ್ತೈದು.

ಕೊನೆಯ ಮಾತು

ಈಗ ನಮ್ಮ ತಾಲ್ಲೂಕುಗಳ ಮನೆಗಳಲ್ಲೂ ಮಕ್ಕಳು ಕೀಬೋರ್ಡು ಎಂಬ ವಿದ್ಯುತ್ ಪಿಯಾನೋ ಹಿಡಿದು ಕೂರುವುದುಂಟು. ಮೆಟ್ನರರ ಹಳೆಯ ಪ್ಲೇಟುಗಳ ನಾದವನ್ನು ಮೊಬೈಲಿನಲ್ಲೇ ಕೇಳಬಹುದು. ಒಂದು ಸಂಜೆ ಅಡಿಕೆ ಸುಲಿಯುವಾಗ ಕೇಳಿ ನೋಡಿ. ಮೊದಲಿಗೆ ಗೋಜಲೆನ್ನಿಸೀತು, ಹಾರ್ಮೋನಿಯಂ ಮೇಷ್ಟ್ರ ಸರಳ ಮಟ್ಟು ಅಲ್ಲಿಲ್ಲ. ಆದರೆ ಆ ಗರಗರ ಸದ್ದಿನ ಹಿಂದೆ ಇಬ್ಬರಿದ್ದಾರೆಂದು ನೆನೆಯಿರಿ: ಮಾರುಕಟ್ಟೆ ಮುಚ್ಚಿದರೂ ಬೆಳೆ ಬಿಡದ ಒಬ್ಬ ಮುದುಕ, ತಾನು ನುಡಿಸಲಾಗದ್ದನ್ನು ಇನ್ನೊಬ್ಬನ ಬೆರಳಿನಿಂದ ಕೇಳಿಸಿಕೊಂಡ ಒಬ್ಬ ಅರಸ.

ಮನೆಯ ಹುಡುಗನೋ ಹುಡುಗಿಯೋ ತೋಟದ ಹೊಣೆಗಾಗಿ ಓದನ್ನು, ಹಾಡನ್ನು, ಚಿತ್ರವನ್ನು ಬಿಟ್ಟು ಬಂದಿದ್ದರೆ ಅದನ್ನು ಹುಡುಗಾಟವೆಂದು ತಳ್ಳಿಬಿಡಬೇಡಿ. ದಿನಕ್ಕೆ ಒಂದು ಗಂಟೆ ಬಿಡುವು ಮಾಡಿಕೊಡಿ. ಮೋಟಾರಿನ ಗುಂಡಿಯನ್ನು ಆ ಒಂದು ಗಂಟೆ ಮನೆಯ ಹಿರಿಯರೇ ಒತ್ತಿದರೆ ತೋಟವೇನೂ ಒಣಗುವುದಿಲ್ಲ.